ಉದ್ದಣ್ಣಾ, ನೀನು ಸೋತದ್ದನ್ನು ನಾನು ಒಪ್ಪಲ್ಲ

ಪ್ರೀತಿಯ ಉದ್ದಣ್ಣ,

ನಿನ್ನ ಮೆಸೇಜ್ ನೋಡಿದೆ. "ಸರಿ ಬಿಡೋ, ನಿನ್ನ ರಸೆಲ್ಲೇ ದೊಡ್ಡವನು." ಅಷ್ಟೇ. ಹಿಂದೆ ಒಂದು ಬೈಗುಳ ಇಲ್ಲ, ಮುಂದೆ ಒಂದು ಅಂಕಿ ಇಲ್ಲ. ಹಾಸ್ಟೆಲ್ಲಿನಲ್ಲಿ ಶುರುವಾಗಿ, ನೀನು ಬಾಸ್ಟನ್ ಸೇರಿದ ಮೇಲೂ ನಿಲ್ಲದ ಜಗಳ. ಅದು ಹೀಗೆ ಒಂದೇ ಸಾಲಿಗೆ ಮುಗಿದುಹೋಗುವುದು ಅಂದ್ರೇನು?

ಇದನ್ನು ಬೇಕೆಂದೇ ಎಲ್ಲರೂ ಓದುವ ಕಡೆ ಹಾಕುತ್ತಿದ್ದೇನೆ. ನಮ್ಮ ಗುಂಪಿನವರೂ ನೋಡಲಿ. ಗೋಪಿ ಮಾತ್ರ ನಡುವೆ ಬಾಯಿ ಹಾಕುವಂತಿಲ್ಲ. ಬಾಳೆಹಣ್ಣಿನ ನಿಯಮ ಇನ್ನೂ ಜಾರಿಯಲ್ಲಿದೆ.

ಮೊದಲು ಬೇರೆಯವರಿಗೆ ಒಂದು ಮಾತು. ಜಗಳ 1960ರ ದಶಕದ ಎನ್‌ಬಿಎ, ಅಂದರೆ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಬಗ್ಗೆ. ಬಾಸ್ಟನ್ ಸೆಲ್ಟಿಕ್ಸ್‌ನ ಬಿಲ್ ರಸೆಲ್ ಒಂದು ಕಡೆ, ವಿಲ್ಟ್ ಚೇಂಬರ್ಲಿನ್ ಇನ್ನೊಂದು ಕಡೆ. ಇಬ್ಬರೂ ಸೆಂಟರ್‌ಗಳು, ಅಂದರೆ ಬಾಸ್ಕೆಟ್ ಹತ್ತಿರ ನಿಂತು ಆಡುವ ಎತ್ತರದ ಆಟಗಾರರು. ಎದುರುಬದುರು ಆಡಿದ್ದು 140ಕ್ಕೂ ಹೆಚ್ಚು ಸಲ. ನಾವು ಹುಟ್ಟುವ ಹೊತ್ತಿಗೆ ಇಬ್ಬರೂ ಆಟ ಬಿಟ್ಟು ಎಷ್ಟೋ ವರ್ಷ ಆಗಿತ್ತು. ಆದರೂ ಆ ಕಾಲದ ಅತಿ ದೊಡ್ಡ ಆಟಗಾರ ಯಾರು ಅನ್ನುವುದು ನಮಗೆ ಮನೆ ವಿಷಯ ಇದ್ದ ಹಾಗೆ.

ಈಗ ನೀನು ಬಿಟ್ಟುಕೊಟ್ಟದ್ದು ಏನು ಅಂತ ನಿನಗೇ ನೆನಪಿಸುತ್ತೇನೆ. 1961–62ರ ಸೀಸನ್. ವಿಲ್ಟ್ ಆಟವೊಂದಕ್ಕೆ ಸರಾಸರಿ 50.4 ಪಾಯಿಂಟ್ ಹೊಡೆದ. ಒಂದು ಆಟ ಇರುವುದೇ 48 ನಿಮಿಷ, ಅವನು ಆಡಿದ ಸರಾಸರಿ 48.5 ನಿಮಿಷ! ಓವರ್‌ಟೈಮ್ ಸೇರಿ ಹಾಗಾಯಿತು, ಬೆಂಚಿನ ಮೇಲೆ ಕೂತದ್ದೇ ಇಲ್ಲ ಅನ್ನಬಹುದು. 1962ರ ಮಾರ್ಚ್ 2ರಂದು, ಚಾಕೊಲೇಟಿನ ಊರು ಹರ್ಷಿಯಲ್ಲಿ, ನ್ಯೂಯಾರ್ಕ್ ನಿಕ್ಸ್ ವಿರುದ್ಧ ಒಬ್ಬನೇ 100 ಪಾಯಿಂಟ್. ಟಿವಿಯಲ್ಲಿ ಬರಲಿಲ್ಲ. ಉಳಿದದ್ದು ಕಾಗದದ ಮೇಲೆ 100 ಅಂತ ಬರೆದು ಹಿಡಿದುಕೊಂಡು ಕೂತ ಫೋಟೊ. ನಿನ್ನ ರೂಮಿನ ಬಾಗಿಲ ಮೇಲೆ ಇತ್ತಲ್ಲ, ಅದೇ. ಆ ರಾತ್ರಿ 32 ಫ್ರೀ ಥ್ರೋಗಳಲ್ಲಿ (ಫೌಲಿಗೆ ಬದಲಾಗಿ ಸಿಗುವ, ಯಾರೂ ತಡೆಯದ ಎಸೆತ) 28 ಹಾಕಿದ್ದ, ಎರಡೂ ಕೈಯಿಂದ ಕೆಳಗಿನಿಂದ ಎತ್ತಿ ಎಸೆದು. ಆಮೇಲೆ ಆ ರೀತಿ ಎಸೆಯುವುದನ್ನೇ ಬಿಟ್ಟ. ನೋಡುವವರಿಗೆ ಹೆಣ್ಣಿಗನ ಹಾಗೆ ಕಾಣುತ್ತೇನೆ ಅನ್ನುವ ನಾಚಿಕೆ. ಅವನ ಎದುರು ಪಕ್ಷದ ನನಗೇ ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಆದರೆ ಆ ವರ್ಷದ ಎಂವಿಪಿ, ಅಂದರೆ ಲೀಗಿನ ಅತಿ ಒಳ್ಳೆಯ ಆಟಗಾರ ಪ್ರಶಸ್ತಿ ಪಡೆದವನು, ವಿಲ್ಟ್ ಅಲ್ಲ, ರಸೆಲ್. ಪಾಯಿಂಟ್ ಸರಾಸರಿ 20 ಕೂಡ ಇಲ್ಲದ ರಸೆಲ್. ಅದೇ ವರ್ಷ ಆಸ್ಕರ್ ರಾಬರ್ಟ್‌ಸನ್ ಅನ್ನುವ ಇನ್ನೊಬ್ಬ ಆಟಗಾರ ಪಾಯಿಂಟ್, ರಿಬೌಂಡ್ (ತಪ್ಪಿದ ಶಾಟಿನ ಚೆಂಡು ಹಿಡಿಯುವುದು), ಅಸಿಸ್ಟ್ (ಜೊತೆಗಾರ ಪಾಯಿಂಟ್ ಹೊಡೆಯುವಂತೆ ಕೊಟ್ಟ ಪಾಸ್) ಮೂರರಲ್ಲೂ ಇಡೀ ಸೀಸನ್ನಿನ ಸರಾಸರಿಯನ್ನು ಎರಡಂಕಿಗೆ ಏರಿಸಿದ್ದ. ಅವನಿಗೂ ಸಿಗಲಿಲ್ಲ. ಆಗ ಎಂವಿಪಿಗೆ ವೋಟ್ ಹಾಕುತ್ತಿದ್ದವರು ಪತ್ರಕರ್ತರಲ್ಲ, ಆಟಗಾರರು. ವಿಲ್ಟ್‌ನ ಭುಜಕ್ಕೆ ಡಿಕ್ಕಿ ಹೊಡೆದು ಬಿದ್ದವರು, ರಸೆಲ್ ಎಲ್ಲಿಂದ ಬಂದು ಕೈ ಚಾಚುತ್ತಾನೋ ಅಂತ ಹೆದರಿ ಶಾಟ್ ಬದಲಿಸಿದವರು. ಅವರು ಆರಿಸಿದ್ದು ರಸೆಲ್‌ನನ್ನು. ನನ್ನ ಇಡೀ ವಾದ ನಿಂತಿರುವುದು ಆ ವೋಟಿನ ಮೇಲೆ.

ರಸೆಲ್ ಎದುರಾಳಿಯ ಶಾಟನ್ನು ಗಾಳಿಯಲ್ಲೇ ತಡೆದು ಬ್ಲಾಕ್ ಮಾಡುವುದನ್ನು ಹಳೇ ಕಪ್ಪು-ಬಿಳುಪು ತುಣುಕುಗಳಲ್ಲಿ ಎಷ್ಟು ಸಲ ನೋಡಿದ್ದೇವೆ ಅಲ್ವಾ? ಚೆಂಡನ್ನು ಪ್ರೇಕ್ಷಕರ ಕಡೆಗೆ ಬಾರಿಸುವುದಿಲ್ಲ. ಮೆಲ್ಲಗೆ ತಟ್ಟುತ್ತಾನೆ. ಅದು ಕೋರ್ಟಿನೊಳಗೇ ಉಳಿದು ತನ್ನವರ ಕೈ ಸೇರಬೇಕು, ಅಲ್ಲಿಂದಲೇ ಫಾಸ್ಟ್ ಬ್ರೇಕ್, ಅಂದರೆ ಎದುರಾಳಿ ಸುಧಾರಿಸಿಕೊಳ್ಳುವ ಮೊದಲೇ ದಾಳಿ, ಹೊರಡಬೇಕು. ಎನ್‌ಬಿಎ ಬ್ಲಾಕ್‌ಗಳನ್ನು ಎಣಿಸಲು ಶುರು ಮಾಡಿದ್ದು 1973–74ರಲ್ಲಿ. ರಸೆಲ್ ಆಟ ಬಿಟ್ಟದ್ದು 1969ರಲ್ಲಿ. ಅವನ ಅತಿ ಒಳ್ಳೆಯ ಕೆಲಸ ಯಾವ ಪುಸ್ತಕದಲ್ಲೂ ಇಲ್ಲ. ಪುಸ್ತಕದಲ್ಲಿ ಇರುವುದು 13 ಸೀಸನ್, 11 ಚಾಂಪಿಯನ್‌ಶಿಪ್. ಕೊನೆಯ ಎರಡು, ಕೋಚೂ ತಾನೇ ಆಗಿದ್ದಾಗ. ಏಳನೇ, ಅಂದರೆ ನಿರ್ಣಾಯಕ, ಆಟದವರೆಗೆ ಹೋದ ಸರಣಿಗಳು 10, ಹತ್ತನ್ನೂ ಗೆದ್ದ.

ನೀನು ಹೇಳುತ್ತಿದ್ದೆ, ಅವನ ಜೊತೆಗಾರರೂ ದೊಡ್ಡವರು ಅಂತ. ನಿಜ. ಆದರೆ ಬಾಬ್ ಕೌಸಿ 1950ರಿಂದ ಬಾಸ್ಟನ್ನಿಗೆ ಆಡುತ್ತಿದ್ದ. ರಸೆಲ್ ಬರುವವರೆಗೆ ಆ ತಂಡ ಒಂದು ಸಲವೂ ಗೆದ್ದಿರಲಿಲ್ಲ. ಬಂದ ಮೊದಲ ಸೀಸನ್ನಿನಲ್ಲೇ, 1957ರಲ್ಲಿ, ಗೆದ್ದಿತು.

ಇನ್ನೊಂದು ವಿಷಯ. ಸಿಟಿ ಹಾಲ್ ಹತ್ತಿರ ರಸೆಲ್ ಪ್ರತಿಮೆಯ ಪಕ್ಕ ನಿಂತು ಫೋಟೊ ಕಳಿಸಿದ್ದೆಯಲ್ಲ, ಅದನ್ನು ಇನ್ನೂ ಇಟ್ಟುಕೊಂಡಿದ್ದೇನೆ. ನಿನ್ನ ಮನೆಯಿಂದ ರೀಡಿಂಗ್ ಊರು ದೂರ ಇಲ್ಲ ಅಂದಿದ್ದೆ. ಅಲ್ಲೇ ರಸೆಲ್ ಮನೆ ಇತ್ತು. ಯಾರೋ ಬಾಗಿಲು ಮುರಿದು ಒಳಗೆ ಹೊಕ್ಕು, ಗೋಡೆಯ ಮೇಲೆ ಕರಿಯರನ್ನು ಬೈಯುವ ಮಾತು ಬರೆದು, ಟ್ರೋಫಿಗಳನ್ನು ಒಡೆದು, ಹಾಸಿಗೆಯಲ್ಲಿ ಹೇಸಿಗೆ ಮಾಡಿ ಹೋದರು. ಊರಿಗೆ ಕಪ್ ಮೇಲೆ ಕಪ್ ತಂದುಕೊಟ್ಟವನ ಮನೆಗೆ! 1972ರಲ್ಲಿ ಅವನ 6ನೇ ನಂಬರಿನ ಜರ್ಸಿಗೆ ಗೌರವ ಕೊಟ್ಟಾಗ, ಪ್ರೇಕ್ಷಕರು ಒಳಗೆ ಬರುವ ಮೊದಲೇ ಮುಗಿಸಿಬಿಡಿ ಅಂದ. ಹಾಗೇ ಆಯಿತು. ಇದು ಯಾರು ದೊಡ್ಡವರು ಅನ್ನುವ ಲೆಕ್ಕಕ್ಕೆ ಬರುವುದಿಲ್ಲ ಅಂತ ನೀನು ವಾದಿಸುತ್ತಿದ್ದೆ. ಬರಬೇಕು ಅಂತ ನಾನು ಈಗಲೂ ಹೇಳುತ್ತೇನೆ.

ಆದರೆ ನಿನ್ನ ಆ ಒಂದು ಸಾಲು ಓದಿದಾಗಿನಿಂದ ನನ್ನ ತಲೆಯಲ್ಲಿರುವುದು ಇದ್ಯಾವುದೂ ಅಲ್ಲ. 1969ರ ಫೈನಲ್.

ಮೇ 5, ಏಳನೇ ಆಟ, ಲಾಸ್ ಏಂಜಲೀಸ್ ಕಡೆಯ ಫೋರಂ ಕ್ರೀಡಾಂಗಣ. ವಿಲ್ಟ್ ಆಗ ಅಲ್ಲಿನ ತಂಡ ಲೇಕರ್ಸ್‌ನಲ್ಲಿ. ಗೆದ್ದೇ ಗೆಲ್ಲುತ್ತೇವೆ ಅಂತ ತಂಡದ ಮಾಲೀಕ ಛಾವಣಿಗೆ ಬಲೂನು ಕಟ್ಟಿಸಿದ್ದ. ಗೆದ್ದದ್ದು ಬಾಸ್ಟನ್, 108–106. ಕೊನೆಯ ಕೆಲವು ನಿಮಿಷ ಇರುವಾಗ ವಿಲ್ಟ್‌ನ ಮೊಣಕಾಲಿಗೆ ಪೆಟ್ಟಾಗಿ ಹೊರಗೆ ಬಂದ. ಮತ್ತೆ ಒಳಗೆ ಹೋಗುತ್ತೇನೆ ಅಂದ. ಕೋಚ್ ಬಿಡಲಿಲ್ಲ. ಅಷ್ಟು ದೊಡ್ಡ ಆಟದಲ್ಲಿ ಹಾಗೆ ಹೊರಗೆ ಬರಬಾರದಿತ್ತು ಅನ್ನುವ ಅರ್ಥದಲ್ಲಿ ರಸೆಲ್ ಆಮೇಲೆ ಬಹಿರಂಗವಾಗಿ ಮಾತಾಡಿದ.

ಅಷ್ಟಕ್ಕೇ ಇಬ್ಬರ ನಡುವೆ ಮಾತು ನಿಂತುಹೋಯಿತು. ವರ್ಷಗಟ್ಟಲೆ. ಹಬ್ಬದ ದಿನ ಫಿಲಡೆಲ್ಫಿಯಾದಲ್ಲಿ ಆಟ ಇದ್ದರೆ ರಸೆಲ್ ಊಟಕ್ಕೆ ಹೋಗುತ್ತಿದ್ದದ್ದು ವಿಲ್ಟ್ ಮನೆಗೆ. ಊಟ ಮಾಡಿ ಅವನ ಹಾಸಿಗೆಯಲ್ಲೇ ಮಲಗಿ, ಸಂಜೆ ಎದ್ದು ಅವನ ಮೇಲೆಯೇ ಆಡುತ್ತಿದ್ದ. ಅಂಥ ಇಬ್ಬರು ಎರಡು ದಶಕ ಮಾತಿಲ್ಲದೆ ಇದ್ದರು. ಕೊನೆಗೆ ರಸೆಲ್ ಕ್ಷಮೆ ಕೇಳಿದ, ಮತ್ತೆ ಸ್ನೇಹ ಆಯಿತು. 1999ರಲ್ಲಿ ವಿಲ್ಟ್ ತೀರಿಕೊಂಡಾಗ ಸಂತಾಪ ಸಭೆಯಲ್ಲಿ ರಸೆಲ್ ಮಾತಾಡಿದ. ಆದರೆ ಹೋದ ವರ್ಷಗಳು ಹೋದವು.

ಒಂದು ಮಾತು ಹೇಳುತ್ತೇನೆ ಕಣೋ. ಇಷ್ಟು ಜನರ ಮುಂದೆ ಹೇಳಬೇಕು ಅಂತ ಇರಲಿಲ್ಲ. ನಮ್ಮಪ್ಪ ಐಸಿಯುನಲ್ಲಿದ್ದದ್ದು ನಿನಗೆ ಗೊತ್ತಿಲ್ಲ. ನಾನು ಹೇಳಲಿಲ್ಲ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ನಿನಗೆ ಕಳಿಸಿದ್ದು 1969–70ರ ಸೆಲ್ಟಿಕ್ಸ್ ಲೆಕ್ಕ. 34 ಗೆಲುವು, 48 ಸೋಲು, ಪ್ಲೇಆಫ್ (ಸೀಸನ್ ಕೊನೆಯ ಚಾಂಪಿಯನ್‌ಶಿಪ್ ಸುತ್ತು) ಕೂಡ ಸಿಗಲಿಲ್ಲ, ನೋಡು ರಸೆಲ್ ಹೋದ ಮೇಲೆ ಏನಾಯಿತು ಅಂತ. ನೀನು ರೇಗಿ ಉದ್ದುದ್ದ ಬರೆದೆ. ಒಳಗಿನಿಂದ ಯಾರಾದರೂ ಬಂದು ಕರೆಯುವವರೆಗೆ ಅದನ್ನೇ ತಿರುಗಿಸಿ ಓದುತ್ತಿದ್ದೆ. ಆ ರಾತ್ರಿಗಳನ್ನು ನಾನು ಕಳೆದದ್ದು ನಿನ್ನ ಸಿಟ್ಟಿನ ಜೊತೆ. ಹೆದರಿಕೆ ಆಗ್ತಿದೆ ಅಂತ ಬರೆಯಲು ನನಗೆ ಬರಲ್ಲ. ವಿಲ್ಟ್ ವಿರುದ್ಧ ಬರೆಯಲು ಬರುತ್ತದೆ.

ಅದಕ್ಕೇ ನಿನ್ನ ಮೆಸೇಜ್ ನೋಡಿ ಎದೆ ಧಸಕ್ಕೆಂದಿತು. ಜಗಳ ಮಾಡುವಷ್ಟು ಶಕ್ತಿಯೂ ಇಲ್ಲದ ಹಾಗೆ ಬರೆದಿದ್ದೀಯ. ನೀನೂ ಎಲ್ಲೋ ಒಂದು ಮೆಟ್ಟಿಲ ಮೇಲೆ ಕೂತಿದ್ದೀಯಾ? ಕೆಲಸ ಸರಿ ಇದೆಯಾ? ಅತ್ತಿಗೆ, ಪುಟ್ಟಿ ಹುಷಾರಾ? ಇಲ್ಲಿ ಉತ್ತರ ಬರೆಯಬೇಡ. ನನಗೊಬ್ಬನಿಗೇ ಹೇಳು.

ಅಪ್ಪ ಈಗ ಚೆನ್ನಾಗಿದ್ದಾರೆ. ದಿನಾ ಬೆಳಿಗ್ಗೆ ವಾಕಿಂಗ್ ಹೋಗಿ, ಇಡೀ ಬೀದಿಯ ಸುದ್ದಿ ಹೊತ್ತು ತರುತ್ತಾರೆ. ನಿನ್ನನ್ನೂ ಕೇಳುತ್ತಿರುತ್ತಾರೆ, "ಆ ಕೊಡೆ ಹುಡುಗ ಏನ್ ಮಾಡ್ತಾನೆ?" ಅಂತ. ಆದ್ದರಿಂದ ಆ ವಿಷಯ ಅಲ್ಲಿಗೆ ಬಿಡು.

ಈಗ ಕೆಲಸಕ್ಕೆ ಬಾ. ನಿನ್ನ ಸೋಲನ್ನು ವಾಪಸ್ ಕಳಿಸಿದ್ದೇನೆ. ಬೇಕಾದರೆ ಅಸ್ತ್ರವನ್ನೂ ನಾನೇ ಕೊಡುತ್ತೇನೆ. 1967 ತಗೋ. ಆಗ ವಿಲ್ಟ್ ಆಡುತ್ತಿದ್ದ ಫಿಲಡೆಲ್ಫಿಯಾ ತಂಡಕ್ಕೆ 68 ಗೆಲುವು, 13 ಸೋಲು. ವಿಲ್ಟ್ ಶಾಟ್ ಕಡಿಮೆ ಮಾಡಿ ಪಾಸ್ ಕೊಡಲು ಶುರು ಮಾಡಿದ. ರಸೆಲ್‌ನ ತಂಡವನ್ನು 4–1ರಲ್ಲಿ ಹೊಡೆದು, ಸತತ ಎಂಟು ಚಾಂಪಿಯನ್‌ಶಿಪ್‌ಗಳ ಸಾಲನ್ನು ಮುರಿದ. ಮುಂದಿನ ಸೀಸನ್ನಿನಲ್ಲಿ ಇಡೀ ಲೀಗಿಗೇ ಜಾಸ್ತಿ ಅಸಿಸ್ಟ್ ಅವನದು, ಒಬ್ಬ ಸೆಂಟರ್‌ನದು! ಎಲ್ಲ ನಿನ್ನ ಪರ.

ಆದರೆ 1968ಕ್ಕೆ ಉತ್ತರ ಬೇಕು. 3–1ರಲ್ಲಿ ಮುಂದಿದ್ದ ಫಿಲಡೆಲ್ಫಿಯಾ ಬಾಸ್ಟನ್ನಿಗೆ ಹೇಗೆ ಸೋತಿತು? ಏಳನೇ ಆಟದ ಕೊನೆಯ ಅರ್ಧದಲ್ಲಿ ವಿಲ್ಟ್ ಬಾಸ್ಕೆಟ್ ಕಡೆ ಎಸೆದದ್ದು ಬರೀ ಎರಡು ಸಲ. ಯಾಕೆ? ಅವನ ಕೈಗೆ ಚೆಂಡೇ ಕೊಡಲಿಲ್ಲ, ಕೋಚ್ ಸುಮ್ನೆ ಕೂತಿದ್ದ ಅಂತ ಹಿಂದೆ ಕೂಗಾಡಿದ್ದೆ. ಅದನ್ನೇ ಇನ್ನೊಮ್ಮೆ ಕೂಗಾಡು. ನಾನು ಒಪ್ಪಲ್ಲ. ಬರೆಯಬೇಡ, ಫೋನ್ ಮಾಡಿಯೇ ಹೇಳು. ಇಲ್ಲಿ ಎಷ್ಟು ಹೊತ್ತಾಗಿದ್ದರೂ ಪರವಾಗಿಲ್ಲ.

ನಿನ್ನ
ಸಂಪಿಗೆ