ಮಾತ್ರೆ ನಿಲ್ಲಿಸುವ ಮುಂಚೆ ಒಂದು ಮಾತು ಹೇಳಿ

ಎಲ್ಲರಿಗೂ ನಮಸ್ಕಾರ. ಶಿರಸಿಯಲ್ಲಿ ನಾವು ಜೊತೆಗಾರರು ಮಾಡುವುದೇನು ಅಂತ ಹಲವರು ಕೇಳಿದ್ದೀರಿ. ನಾವು ಡಾಕ್ಟರಲ್ಲ, ಮಾತ್ರೆ ಬದಲಿಸುವುದಿಲ್ಲ. ಮನಸ್ಸಿನ ಕಾಯಿಲೆ ಅನುಭವಿಸಿ ಚೇತರಿಸಿಕೊಂಡವರು; ಚಿಕಿತ್ಸೆಗೆ ಬರುವವರ ಜೊತೆ ಕೂತು ಮಾತಾಡುತ್ತೇವೆ.

ಮೊದಲ ಸಲ ಆಸ್ಪತ್ರೆಗೆ ಹೋದಾಗ ನಾನು ಬೆಂಚಿನ ಮೇಲೆ ಚೀಟಿ ಮಡಚುತ್ತಾ, ಬಿಚ್ಚುತ್ತಾ ಕೂತಿದ್ದೆ. ಪಕ್ಕದಲ್ಲಿದ್ದ ಅಣ್ಣ, "ಮಾತ್ರೆ ಶುರುವಾದಾಗ ನನಗೂ ಕೈ ನಡುಗುತ್ತಿತ್ತು, ಡಾಕ್ಟರಿಗೆ ಹೇಳಿ" ಅಂದರು. ಆ ಮಾತಿಗೇ ಧೈರ್ಯ ಬಂತು. ಒಳಗೆ ಹೋಗಿ ಎಲ್ಲ ಹೇಳಿದೆ. ನಿಮಗೆ ಮಾತ್ರೆ ನಿಲ್ಲಿಸಬೇಕು ಅನ್ನಿಸಿದರೂ ಹಾಗೇ, ಮೊದಲು ಡಾಕ್ಟರಿಗೆ ಹೇಳಿ.

ನೀವು ನಮ್ಮ ಹತ್ತಿರ ಹೇಳಿಕೊಂಡದ್ದನ್ನು ಈ ಗುಂಪಿನಲ್ಲಿ ಹಾಕುವುದಿಲ್ಲ. ಆದರೆ ಜೀವ ಬೇಡ ಎನ್ನುವ ಮಾತು ಬಂದರೆ ನಾವು ಡಾಕ್ಟರಿಗೆ ತಿಳಿಸಲೇಬೇಕು, ಅಲ್ವಾ? ರಾತ್ರಿ ಹೊತ್ತಾದರೆ ಮನಸ್ಸಿನ ಆರೋಗ್ಯಕ್ಕಾಗಿ ಇರುವ ಸರ್ಕಾರದ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಮಳೆಗಾಲದಲ್ಲಿ ಘಟ್ಟದ ಕೆಳಗಿನಿಂದ ಒಬ್ಬರೇ ಬರಲು ಕಷ್ಟವಾದರೆ ಹೇಳಿ. ಬಸ್‌ಸ್ಟ್ಯಾಂಡಿಗೆ ಬಂದು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇವೆ.