ಮಗಳಿಗೊಂದು ಪತ್ರ: ಸುಮ್ನೆ ಕೂತದ್ದರ ಖರ್ಚು

ಬದಿಯಡ್ಕ, ಆಟಿ 10

ಪ್ರೀತಿಯ ಕೂಸೇ,

ನೀನು ಶಾಲೆಗೆ ಮಾಡಿಕೊಟ್ಟ, ಚಿತ್ರದ ಬಟನ್ ಒತ್ತಿದರೆ ಹೆಸರು ಹೇಳುವ ಸೋಲಾರ್ ಪೆಟ್ಟಿಗೆ ಹದಿನೈದು ದಿನದಿಂದ ಮೌನವ್ರತ ಹಿಡಿದಿದೆ. ಶಾಲೆಯ ಮಕ್ಕಳು ಮಾತ್ರ ಬಿಟ್ಟಿಲ್ಲ. ಹಲಸಿನ ಚಿತ್ರದ ಬಟನ್ ಒತ್ತಿ ಒಬ್ಬ 'ಹಲಸು' ಎಂದರೆ, ಇನ್ನೊಬ್ಬ ತುಳುವಿನಲ್ಲಿ 'ಪೆಲಕಾಯಿ', ಮತ್ತೊಬ್ಬಳು ಮಲಯಾಳದಲ್ಲಿ 'ಚಕ್ಕ' ಅಂತ ತಾವೇ ಕೂಗುತ್ತಾರಂತೆ. ಪೆಟ್ಟಿಗೆಗಿಂತ ಇವರ ಗಲಾಟೆಯೇ ಜಾಸ್ತಿ ಅಂತ ಅಮ್ಮ ಹೇಳುತ್ತಾಳೆ.

ಅದಕ್ಕೆ 10 ವಾಟಿನ ದೊಡ್ಡ ಸೋಲಾರ್ ಪ್ಯಾನೆಲ್ ಹಾಕಲು ನೀನು ದುಡ್ಡು ಕೇಳಿದ್ದೆ ಅಲ್ವಾ? ಕಳಿಸುವುದಿಲ್ಲ. ಅಪ್ಪ ಜಿಪುಣ ಅಂತ ಸಿಟ್ಟಾಗುವ ಮೊದಲು ಲೆಕ್ಕ ಕೇಳು.

ನಿನ್ನೆ ಪೆಟ್ಟಿಗೆಯನ್ನು ಮನೆಗೆ ತಂದು, ಬ್ಯಾಟರಿ ಚಾರ್ಜ್ ಮಾಡಿ, ವಯರಿನ ನಡುವೆ ಕರೆಂಟ್ ಅಳೆಯುವ ಮಲ್ಟಿಮೀಟರ್ ಕೊಟ್ಟು ನೋಡಿದೆ. ಮಾತಾಡುವಾಗ 200 ಮಿಲ್ಲಿ ಆಂಪ್. ಕಳ್ಳ ಸಿಕ್ಕಿದ ಅಂದುಕೊಂಡೆ. ಆದರೆ ಮಕ್ಕಳು ದಿನಕ್ಕೆ 40 ಸಲ ಒತ್ತಿ, ಸಲಕ್ಕೆ 15 ಸೆಕೆಂಡ್ ಮಾತಾಡಿಸಿದರೂ ಒಟ್ಟು ಹತ್ತೇ ನಿಮಿಷ. ಮಿಲ್ಲಿ ಆಂಪನ್ನು ಗಂಟೆಯಿಂದ ಗುಣಿಸಿದರೆ 35 ಮಿಲ್ಲಿ ಆಂಪ್ ಅವರ್ ಕೂಡ ಆಗುವುದಿಲ್ಲ. ಯಾರೂ ಮುಟ್ಟದೆ ಸುಮ್ನೆ ಕೂತಾಗ ಅದು ಎಳೆಯುವುದು 80 ಮಿಲ್ಲಿ ಆಂಪ್. ಅದು ಹಗಲೂ ಇದೆ, ರಾತ್ರಿಯೂ ಇದೆ. 24 ಗಂಟೆಗೆ 1920 ಮಿಲ್ಲಿ ಆಂಪ್ ಅವರ್!

ಈಗಿರುವ 3 ವಾಟ್, 6 ವೋಲ್ಟಿನ ಪ್ಯಾನೆಲ್ ಒಳ್ಳೆ ಬಿಸಿಲಿಗೆ 500 ಮಿಲ್ಲಿ ಆಂಪ್ ಕೊಡುತ್ತದೆ. ಏಪ್ರಿಲಿನಲ್ಲಿ ಐದು ಗಂಟೆಯ ಗಟ್ಟಿ ಬಿಸಿಲಿಗೆ 2500 ಬರುತ್ತಿತ್ತು, ತಪ್ಪು ಮುಚ್ಚಿಹೋಗಿತ್ತು. ಆಟಿ ತಿಂಗಳ ಮಳೆಗಾಲದ ಮೋಡದಲ್ಲಿ ಹತ್ತರಲ್ಲಿ ಒಂದು ಪಾಲು ಬಂದರೆ 250. ನಿನ್ನ 10 ವಾಟ್ ತಂದರೂ 830. ಎಲ್ಲಿಗೆ ಸಾಲುತ್ತದೆ? ವರ್ಷಕ್ಕೆ 3500 ಮಿಲ್ಲಿಮೀಟರ್ ಹತ್ತಿರ ಮಳೆ ಬೀಳುವ ಊರು ನಮ್ಮದು. ಅಂಗಳದಲ್ಲಿ ಅಡಿಕೆ ಒಣಗದ ದಿನ ಬ್ಯಾಟರಿಯೂ ತುಂಬುವುದಿಲ್ಲ.

ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ತೋಡಿದ ನಮ್ಮ ಸುರಂಗ ನೆನಪಿದೆಯಾ? ಬೆರಳುಗಾತ್ರದ ನೀರು ರಾತ್ರಿಯಿಡೀ ಕೆರೆಗೆ ಬಿದ್ದು ಬೆಳಿಗ್ಗೆ ತೋಟಕ್ಕೆ ಸಾಕಾಗುತ್ತಿತ್ತು. ಒಂದು ವರ್ಷ ಸಾಲಲಿಲ್ಲ. ಇನ್ನೊಂದು ಸುರಂಗ ತೋಡಿಸುವ ಅಂತ ನಾನು ಹೇಳಿದೆ. ಅಜ್ಜ ಮಾತಾಡದೆ ಕೆರೆಗೆ ಇಳಿದು ಬಿರುಕಿಗೆ ಮಣ್ಣು ಮೆತ್ತಿದರು.

ನಿನ್ನ ಪ್ರೋಗ್ರಾಮನ್ನು ನೀನೇ ತಿದ್ದಬೇಕು. ಪೆಟ್ಟಿಗೆಯನ್ನು ನಡೆಸುವ ಚಿಪ್ಪಾದ ಇಎಸ್‌ಪಿ32 ಮಾತಾಡಿ ಮುಗಿದ ಕೂಡಲೇ ಡೀಪ್ ಸ್ಲೀಪಿಗೆ, ಅಂದರೆ ಕರೆಂಟ್ ತೀರಾ ಕಡಿಮೆ ತಿನ್ನುವ ನಿದ್ದೆಗೆ ಹೋಗಲಿ, ಬಟನ್ ಒತ್ತಿದಾಗ ಏಳಲಿ. ಚಿಪ್ಪಿಗೆ ಆಗ ಬೇಕಾಗುವುದು ಮೈಕ್ರೋ ಆಂಪಿನ ಲೆಕ್ಕ. ಆಡಿಯೋ ಮಾಡ್ಯೂಲ್ ಒಂದೇ ಸುಮ್ನೆ 20 ಮಿಲ್ಲಿ ತಿನ್ನುತ್ತದೆ, ಅದರ ಕರೆಂಟನ್ನೇ ಮಾಸ್‌ಫೆಟ್ ಎಂಬ ಸ್ವಿಚ್ಚಿನಂಥ ಬಿಡಿಭಾಗ ಹಾಕಿ ಕಟ್ ಮಾಡು. ಬೋರ್ಡಿನ ಕೆಂಪು ದೀಪವನ್ನು ನಾನೇ ಕಿತ್ತೆ, ಬೈಯಬೇಡ. ಸುಮ್ನೆ ಕೂತಾಗ ಎಲ್ಲ ಸೇರಿ 2 ಮಿಲ್ಲಿ ಎಂದು ಹಿಡಿದರೂ, ಮಾತಿನದ್ದೂ ಕೂಡಿಸಿ ದಿನಕ್ಕೆ 80 ಮಿಲ್ಲಿ ಆಂಪ್ ಅವರ್ ಸುತ್ತ ಖರ್ಚು. ನಿನ್ನ 2600 ಮಿಲ್ಲಿ ಆಂಪ್ ಅವರಿನ ಬ್ಯಾಟರಿ ಮೂರು ವಾರ ಸೂರ್ಯ ಮುಖ ತೋರಿಸದಿದ್ದರೂ ನಡೆಸುತ್ತದೆ.

ಇನ್ನೊಂದು ತಪ್ಪು ನನ್ನದು. ಪ್ಯಾನೆಲನ್ನು ಹಲಸಿನ ಮರದ ಕೆಳಗೆ ಬಿಗಿದದ್ದು ನಾನೇ. ಅದರೊಳಗಿನ ಸೆಲ್ಲುಗಳು ಒಂದಕ್ಕೊಂದು ಸಾಲಾಗಿ ಜೋಡಿಸಿದವು. ಒಂದರ ಮೇಲೆ ಎಲೆ ಕೂತರೆ ಉಳಿದವೂ ಸೊರಗುತ್ತವೆ. ಈಗ ಮಾಡಿಗೆ ಏರಿಸಿ, ದಕ್ಷಿಣಕ್ಕೆ ಓರೆ ಮಾಡಿ ಇಟ್ಟಿದ್ದೇನೆ. ಎಲೆ ಬಿದ್ದರೂ ಮಳೆಗೆ ಜಾರಿ ಹೋಗುತ್ತದೆ.

ಚೌತಿಗೆ ಬರುವಾಗ ಮಾಸ್‌ಫೆಟ್ ಎರಡು ತಾ. ಇಲ್ಲಿ ಪೇಟೆಯಲ್ಲಿ ಕೇಳಿದೆ, ಮೊಬೈಲ್ ಚಾರ್ಜರ್ ತೆಗೆದು ತೋರಿಸಿದರು. ಅಮ್ಮ ಇವತ್ತು ಪತ್ರೊಡೆ ಮಾಡಿದ್ದಾಳೆ, ನಿನ್ನ ಪಾಲನ್ನೂ ನಾನೇ ತಿಂದೆ.

ನಿನ್ನ
ಅಪ್ಪ