ಟ್ರಾಪ್ ಊರಿನ ಪಾದ್ರಿ ಬರೆದಿಟ್ಟಿದ್ದು

ನಮ್ಮ ಕನ್ನಡ ಸಂಘದ ಬಂಧುಗಳೇ,

ಊರಿನಿಂದ ಅಪ್ಪ-ಅಮ್ಮ ಬಂದರೆ ನಾವೆಲ್ಲ ಫಿಲಡೆಲ್ಫಿಯಾದ ಲಿಬರ್ಟಿ ಬೆಲ್ ತೋರಿಸಿ ಕಳಿಸುತ್ತೇವೆ, ಅಲ್ವಾ? ಈ ಸಲ ಟ್ರಾಪ್‌ಗೂ ಕರೆದುಕೊಂಡು ಹೋಗಿ. ನಗರದಿಂದ ಸುಮಾರು 25 ಮೈಲಿ. ಮಾರ್ಟಿನ್ ಲೂಥರ್ ಹಾದಿಯ ಕ್ರೈಸ್ತರಾದ ಅಗಸ್ಟಸ್ ಲೂಥರನ್ ಸಭೆಯವರು 1743ರಲ್ಲಿ ಕಟ್ಟಿದ ಕಲ್ಲಿನ ದೇವಾಲಯ ಅಲ್ಲಿ ಇನ್ನೂ ಗಟ್ಟಿಯಾಗಿ ನಿಂತಿದೆ. ಒಳಗೆ ಎತ್ತರದ ಪ್ರಸಂಗಪೀಠ, ಹಳೇ ಮರದ ಬೆಂಚುಗಳು. ಹೀಟರ್ ಇಲ್ಲ.

ಕಟ್ಟಿದವರು ಜರ್ಮನಿಯಿಂದ ವಲಸೆ ಬಂದ ರೈತಾಪಿ ಜನ. ಅವರಿಗೆ ಪಾದ್ರಿಯೇ ಇರಲಿಲ್ಲ. ಒಬ್ಬರನ್ನು ಕಳಿಸಿಕೊಡಿ ಎಂದು 1733ರಲ್ಲೇ ಯುರೋಪಿಗೆ ಜನ ಕಳಿಸಿ ಕೇಳಿದ್ದರು. ಕೊನೆಗೆ 1742ರ ನವೆಂಬರಿನಲ್ಲಿ ಹೆನ್ರಿ ಮೆಲ್ಕಿಯರ್ ಮ್ಯೂಲೆನ್‌ಬರ್ಗ್ ಬಂದಿಳಿದರು. ಆಗ ಅವರಿಗೆ 31 ವರ್ಷ. ಅವರನ್ನು ಕಳಿಸಿದ್ದು ಜರ್ಮನಿಯ ಹಾಲೆ ಊರಿನ ಕ್ರೈಸ್ತ ಸಂಸ್ಥೆ. ತಮಿಳುನಾಡಿನ ತರಂಗಂಬಾಡಿಗೆ ಮಿಷನರಿಗಳನ್ನು ಕಳಿಸುತ್ತಿದ್ದವರೂ ಇವರೇ. ಮ್ಯೂಲೆನ್‌ಬರ್ಗ್ ಅವರನ್ನೂ ಮೊದಲು ಭಾರತಕ್ಕೆ ಕಳಿಸುವ ಯೋಚನೆ ಇತ್ತು! ಮುಂದೆ 1748ರಲ್ಲಿ ಅವರು ಪೆನ್ಸಿಲ್ವೇನಿಯಾದ ಲೂಥರನ್ ಸಭೆಗಳನ್ನು ಒಂದುಗೂಡಿಸಿದರು. ಆ ಒಕ್ಕೂಟವೇ ಸುಮಾರು ನೂರು ವರ್ಷದ ನಂತರ ಹೇಯರ್ ಎಂಬ ಪಾದ್ರಿಯನ್ನು ನಮ್ಮ ಕರ್ನಾಟಕದ ಪಕ್ಕದ ಆಂಧ್ರದ ಗುಂಟೂರಿಗೆ ಕಳಿಸಿತು.

ಮ್ಯೂಲೆನ್‌ಬರ್ಗ್ ಅವರ ಮನೆಯದೇ ದೊಡ್ಡ ಕಥೆ. ಮಗ ಪೀಟರ್ ಪಾದ್ರಿಗಿರಿ ಬಿಟ್ಟು, ಸ್ವಾತಂತ್ರ್ಯಕ್ಕಾಗಿ ಬ್ರಿಟಿಷರ ವಿರುದ್ಧ ಹೋರಾಡುತ್ತಿದ್ದ ವಾಷಿಂಗ್ಟನ್ ಸೈನ್ಯದಲ್ಲಿ ಜನರಲ್ ಆದ. ಫ್ರೆಡರಿಕ್ 1789ರಲ್ಲಿ ಅಮೆರಿಕದ ಸಂಸತ್ತಿನ ಕೆಳಮನೆಗೆ ಮೊದಲ ಸ್ಪೀಕರ್ ಆದ. ಇನ್ನೊಬ್ಬ ಮಗ ಎರ್ನ್‌ಸ್ಟ್ ಪಾದ್ರಿಯಾಗಿದ್ದುಕೊಂಡೇ ಹೆಸರಾಂತ ಸಸ್ಯಶಾಸ್ತ್ರಜ್ಞನಾದ.

ನನ್ನನ್ನು ಜಾಸ್ತಿ ಹಿಡಿದಿಟ್ಟಿದ್ದು ಮಾತ್ರ ಅಪ್ಪನ ದಿನಚರಿ. 1777ರ ಸೆಪ್ಟೆಂಬರ್ ಕೊನೆಯಲ್ಲಿ ಒಂದು ಮಗುವಿನ ಅಂತ್ಯಕ್ರಿಯೆಗೆಂದು ಅವರು ದೇವಾಲಯಕ್ಕೆ ಹೋದರೆ ಒಳಗೆಲ್ಲ ಸೈನಿಕರು. ಎಲ್ಲೆಲ್ಲೂ ಬಂದೂಕು. ನೆಲದ ಮೇಲೆ ಹುಲ್ಲು, ಹೊಲಸು. ಬಲಿಪೀಠದ ಮೇಲೆ ತಿಂದುಳಿದ ಊಟ. ಒಬ್ಬ ಆರ್ಗನ್ ನುಡಿಸುತ್ತಿದ್ದಾನೆ, ಉಳಿದವರು ಹಾಡುತ್ತಿದ್ದಾರೆ. ಅವರು ಶತ್ರುಗಳೂ ಅಲ್ಲ, ಸ್ವಂತ ಮಗನ ಪಕ್ಷದವರೇ. ಆ ತಂದೆಗೆ ಹೇಗಾಗಿರಬೇಡ! ಅವರು ಬರೆದಿಡದೇ ಹೋಗಿದ್ದರೆ ಇದು ನಮಗೆ ಗೊತ್ತಾಗುತ್ತಿರಲಿಲ್ಲ.

ಭಾಷೆಯ ಜಗಳ ಅವರನ್ನೂ ಬಿಡಲಿಲ್ಲ. ಮ್ಯೂಲೆನ್‌ಬರ್ಗ್ ಜರ್ಮನ್, ಇಂಗ್ಲಿಷ್, ಡಚ್ ಮೂರರಲ್ಲೂ ಪ್ರಸಂಗ ಮಾಡುತ್ತಿದ್ದರು. ಅವರು ತೀರಿಕೊಂಡ ಮೇಲೆ, 1806ರಲ್ಲಿ, ಫಿಲಡೆಲ್ಫಿಯಾದ ಜರ್ಮನ್ ಸಭೆ ಇಂಗ್ಲಿಷ್ ಆರಾಧನೆ ಬೇಕೇ ಬೇಡವೇ ಎಂದು ಒಡೆಯಿತು. ಇಂಗ್ಲಿಷ್ ಬೇಕೆಂದವರ ಮುಂದಾಳು ಅದೇ ಪೀಟರ್. ಹತ್ತು ವರ್ಷದಲ್ಲಿ ವಿಷಯ ಕೋರ್ಟಿಗೂ ಹೋಯಿತು. ಮಕ್ಕಳ ಕಾರ್ಯಕ್ರಮದ ನಿರೂಪಣೆ ಯಾವ ಭಾಷೆಯಲ್ಲಿ ಎಂದು ನಮ್ಮ ಸಮಿತಿಯಲ್ಲಿ ದನಿ ಏರುವಾಗ ನನಗೆ ಈ ಎರಡೂ ಕಡೆಯವರು ನೆನಪಾಗುತ್ತಾರೆ. ತಾಯ್ನುಡಿ ಬಿಡಲಾರದವರ ಸಂಕಟವೂ ನಿಜ, ಮಕ್ಕಳು ದೂರವಾದಾರೆಂಬ ಭಯವೂ ನಿಜ.

ಹಿರಿಯರಲ್ಲಿ ಒಂದು ಕೇಳಿಕೆ. ನಮ್ಮ ಸಂಘದ ಮೊದಲ ಯುಗಾದಿ ಯಾರ ಮನೆಯಲ್ಲಾಯಿತು, ಹೋಳಿಗೆ ಯಾರು ಮಾಡಿದರು, ಹಾಲ್ ಬಾಡಿಗೆಗೆ ದುಡ್ಡು ಹೇಗೆ ಹೊಂದಿಸಿದಿರಿ, ಯಾವುದಕ್ಕೆ ಜಗಳವಾಯಿತು ಎಲ್ಲವನ್ನೂ ಬರೆದು ಕಳಿಸಿ. ಕೈಬರಹವಾದರೂ ಸರಿ, ಟೈಪ್ ಮಾಡುವ ಕೆಲಸ ನಮ್ಮದು. ದೀಪಾವಳಿ ಸಂಚಿಕೆಯಿಂದ ಒಂದೊಂದಾಗಿ ಅಚ್ಚು ಹಾಕುತ್ತೇವೆ.

— ಸಂಪಾದಕ